ಕಿನೆಕ್ಟ್ ಹಾಕುವ ಮುನ್ನ ಹಾಲ್ ಅಳೆಯಿರಿ

ಕೈಯಲ್ಲಿ ರಿಮೋಟೂ ಇಲ್ಲ, ಕಂಟ್ರೋಲರೂ ಇಲ್ಲ. ಟಿವಿ ಎದುರು ನಿಂತು ಕೈಕಾಲು ಆಡಿಸಿದರೆ ಗೇಮ್ ನಡೆಯುತ್ತದೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಗೇಮ್ ಕನ್ಸೋಲ್‌ಗೆ ಜೋಡಿಸುವ ಕ್ಯಾಮೆರಾ ಸೆನ್ಸರ್ ಕಿನೆಕ್ಟ್. ಅದು 2010ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದು, ಮೊದಲ 60 ದಿನಗಳಲ್ಲೇ 80 ಲಕ್ಷ ಸೆನ್ಸರ್ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. 2017ರ ಹೊತ್ತಿಗೆ ತಯಾರಿಕೆಯೇ ನಿಂತುಹೋಯಿತು. ಈಗ ಬೆಂಗಳೂರಿನಲ್ಲಿ ಬೇಕೆಂದರೆ ಸೆಕೆಂಡ್ ಹ್ಯಾಂಡೇ ಗತಿ: ನ್ಯಾಷನಲ್ ಮಾರ್ಕೆಟ್, ಎಸ್.ಪಿ. ರೋಡ್ ಕಡೆ ವಿಚಾರಿಸಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ಹುಡುಕಬೇಕು. ಹಳೆಯ ಎಕ್ಸ್‌ಬಾಕ್ಸ್ 360 ಜೊತೆ ಸೆಟ್ ಆಗಿ ಕೊಡುವವರೇ ಹೆಚ್ಚು.

ತಂದು ಹಾಕಿದ ಮೊದಲ ದಿನವೇ "ಇದು ಸರಿಯಾಗಿ ಹಿಡಿಯಲ್ಲ" ಎಂದು ಅಟ್ಟಕ್ಕೆ ಎಸೆಯುವವರು ಬಹಳ. ಅವರು ನೋಡಿದ್ದು ನಿಜವೇ, ಆದರೆ ತಪ್ಪು ಹೆಚ್ಚಿನ ಸಲ ಸೆನ್ಸರ್‌ನದಲ್ಲ, ಹಾಲ್‌ನದು. ಆದ್ದರಿಂದ ದುಡ್ಡು ಕೊಡುವ ಮುನ್ನ ಟೇಪ್ ಹಿಡಿಯಿರಿ.

ಎಷ್ಟು ಜಾಗ ಬೇಕು

ಸೆನ್ಸರ್‌ನಿಂದ ಒಬ್ಬರಿಗೆ 6 ಅಡಿ, ಇಬ್ಬರಿಗೆ 8 ಅಡಿ ದೂರ ಬೇಕು ಅನ್ನುವುದು ಕಂಪನಿಯ ಲೆಕ್ಕ. ಇಬ್ಬರದು ಸರಿ. ಒಬ್ಬರ ಲೆಕ್ಕ ಮಾತ್ರ ಸ್ವಲ್ಪ ಕಡಿಮೆಯಾಯಿತು. ಕ್ಯಾಮೆರಾದ ಕಣ್ಣಿಗೆ ಮೇಲಿಂದ ಕೆಳಕ್ಕೆ ಕಾಣುವುದು 43 ಡಿಗ್ರಿ, ಅಡ್ಡಕ್ಕೆ 57 ಡಿಗ್ರಿ. 6 ಅಡಿಯಲ್ಲಿ ನಿಂತರೆ ಎತ್ತರದಲ್ಲಿ ಅದಕ್ಕೆ ಸಿಗುವುದು ನಾಲ್ಕೂಮುಕ್ಕಾಲು ಅಡಿ ಮಾತ್ರ. ಐದೂವರೆ ಅಡಿ ಆಳಿನ ಪಾದವೋ ತಲೆಯೋ ಹೊರಗುಳಿಯುವುದು ಖಂಡಿತ. 8 ಅಡಿಗೆ ಹೋದರೆ ಸುಮಾರು ಆರೂಕಾಲು ಅಡಿ ಎತ್ತರ ಕಾಣುತ್ತದೆ, ಅಗಲದಲ್ಲಿ ಎಂಟೂವರೆ ಅಡಿಗಿಂತ ತುಸು ಹೆಚ್ಚು. ಕೈ ಮೇಲೆತ್ತಿ ಆಡುವ ಗೇಮ್ ಆದರೆ 9 ಅಡಿ ಇರಲಿ. ಮಕ್ಕಳು ಮಾತ್ರ ಆಡುವುದಾದರೆ 6 ಅಡಿ ಸಾಲುತ್ತದೆ. 4 ಅಡಿಗಿಂತ ಹತ್ತಿರ ಬಂದರೂ, ಹನ್ನೊಂದೂವರೆ ಅಡಿ ದಾಟಿದರೂ ಮೈಯ ಕೀಲುಗಳ ಲೆಕ್ಕ ತಪ್ಪಲು ಶುರು.

ಬೆಂಗಳೂರಿನ ಟೂ ಬಿಎಚ್‌ಕೆ ಫ್ಲಾಟ್‌ನಲ್ಲಿ ಹಾಲ್ 10 ಅಡಿ ಅಗಲ, 14 ಅಡಿ ಉದ್ದ ಇದೆ ಅಂದುಕೊಳ್ಳಿ. ಟಿವಿ ಪಾಯಿಂಟ್ ಉದ್ದದ ಗೋಡೆಗೆ ಕೊಟ್ಟಿದ್ದರೆ ಆಡುವ ದಿಕ್ಕು 10 ಅಡಿಯದು. ಅದರಲ್ಲಿ ಟಿವಿ ಯೂನಿಟ್ ಒಂದೂವರೆ ಅಡಿ, ಸೋಫಾ 3 ಅಡಿ ತಿಂದರೆ ಉಳಿಯುವುದು ಐದೂವರೆ. ಅಲ್ಲಿಗೆ ಕಥೆ ಮುಗಿಯಿತು. ಟಿವಿಯನ್ನು ಗಿಡ್ಡ ಗೋಡೆಗೆ ತಂದರೆ ಅದೇ ಹಾಲ್‌ನಲ್ಲಿ ಒಂಬತ್ತೂವರೆ ಅಡಿ ಸಿಗುತ್ತದೆ. ಟಿವಿ ಜಾಗ ಬದಲಿಸಲು ಆಗದಿದ್ದರೆ ಸೋಫಾವನ್ನು ಪಕ್ಕದ ಗೋಡೆಗೆ ತಳ್ಳಿ, ಟೀಪಾಯಿ ರೂಮಿಗೆ ಹೋಗಲಿ. 20x30 ಸೈಟಿನ ಮನೆಗಳಲ್ಲಿ ಹಾಲ್ ಮತ್ತು ಡೈನಿಂಗ್ ಒಂದೇ ಸಾಲಿನಲ್ಲಿದ್ದರೆ ಊಟದ ಮೇಜು ಸರಿಸಿ ಆ ಜಾಗದಲ್ಲಿ ನಿಂತು ಆಡಬಹುದು, ದೂರ ಹನ್ನೊಂದು ಅಡಿಯೊಳಗಿದ್ದರೆ ಸಾಕು.

ಇಷ್ಟೂ ಆಗದ ಮನೆಗೆ ಕಿನೆಕ್ಟ್ ಬೇಡ. ಝೂಮ್ ಲೆನ್ಸ್ ಅಂತ ಸೆನ್ಸರ್ ಮುಂದೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡೊಂದು ಸಿಗುತ್ತದೆ. ದೂರವನ್ನೇನೋ ಕಡಿಮೆ ಮಾಡುತ್ತದೆ, ಆದರೆ ಚಿತ್ರ ಸೊಟ್ಟಗಾಗಿ ನಿಖರತೆ ಹೋಗುತ್ತದೆ. ದುಡ್ಡು ದಂಡ.

ಕೊಳ್ಳುವಾಗ ನೋಡಬೇಕಾದ್ದು

ಅಂಗಡಿಯಲ್ಲೇ ಕನ್ಸೋಲ್‌ಗೆ ಹಾಕಿಸಿ, ಆನ್ ಮಾಡಿಸಿ. ಸೆನ್ಸರ್‌ನ ತಲೆ ತಾನಾಗಿ ಮೇಲೆ ಕೆಳಗೆ ಆಡಬೇಕು, ಹಸಿರು ದೀಪ ಹತ್ತಬೇಕು. ಎದುರಿನ ಗಾಜಿನೊಳಗೆ ಒಂದು ತುದಿಯಲ್ಲಿ ಮಸುಕು ಕೆಂಪು ಚುಕ್ಕಿ ಕಾಣಬೇಕು. ಅದು ಇನ್‌ಫ್ರಾರೆಡ್ ಲೇಸರ್. ಕೆಂಪು ಕಾಣದಿದ್ದರೆ ಬಣ್ಣದ ಕ್ಯಾಮೆರಾ ಚೆನ್ನಾಗಿದ್ದರೂ ಆಟ ನಡೆಯದು. ತಲೆ ಕಟಕಟ ಸದ್ದು ಮಾಡಿ ಅಲ್ಲೇ ನಿಂತರೆ, ಯಾರೋ ಕೈಯಿಂದ ತಿರುಗಿಸಿ ಒಳಗಿನ ಗೇರ್ ಮುರಿದಿದ್ದಾರೆ ಎಂದರ್ಥ. ಬುಡದಲ್ಲಿರುವ ಮೋಟಾರ್ 27 ಡಿಗ್ರಿ ಮೇಲಕ್ಕೂ 27 ಡಿಗ್ರಿ ಕೆಳಕ್ಕೂ ತಾನೇ ಬಾಗುತ್ತದೆ. ಅದಕ್ಕೆ ಕೈ ಹಾಕಲೇಬೇಡಿ. ಧೂಳು ಒರೆಸುವಾಗ ಮನೆಗೆಲಸಕ್ಕೆ ಬರುವವರಿಗೂ ಒಂದು ಮಾತು ಹೇಳಿಡಿ.

ಕನ್ಸೋಲ್ ಯಾವ ಮಾದರಿ ಎಂದು ಕೇಳಿ. ತೆಳು ಮಾದರಿಗಳಾದ 360 ಎಸ್ ಮತ್ತು ಇ ಹಿಂಭಾಗದಲ್ಲಿ ಕಿನೆಕ್ಟ್‌ಗೆಂದೇ ಬೇರೆ ಪೋರ್ಟ್ ಇದೆ, ಒಂದೇ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ. ಹಳೆಯ ದಪ್ಪ ಮಾದರಿಗೆ 12 ವೋಲ್ಟ್‌ನ ಪ್ರತ್ಯೇಕ ಅಡಾಪ್ಟರ್ ಬೇಕು, ಜೊತೆಗೆ ಕನ್ಸೋಲ್ ಹಿಂದಿರುವ ಯುಎಸ್‌ಬಿಗೇ ಸಿಕ್ಕಿಸಬೇಕು. ಮಾರುವವರು ಮರೆತುಬಿಡುವುದು ಈ ಅಡಾಪ್ಟರನ್ನೇ. ಪಿಸಿಗೆ ಜೋಡಿಸುವ ಯೋಚನೆ ಇದ್ದರೂ ಇದು ಬೇಕು.

ಅಮೆರಿಕದಿಂದ ಯಾರೋ ತಂದ ಕನ್ಸೋಲ್ ಎಂದು ಗೊತ್ತಾದರೆ ಪವರ್ ಬ್ರಿಕ್ (ಕರೆಂಟ್ ಕೇಬಲ್ ನಡುವಿನ ಅಡಾಪ್ಟರ್ ಡಬ್ಬಿ) ತಿರುಗಿಸಿ ಓದಿ. 100ರಿಂದ 127 ವೋಲ್ಟ್ ಎಂದು ಬರೆದಿದ್ದರೆ ನಮ್ಮ 230 ವೋಲ್ಟ್ ಪ್ಲಗ್‌ಗೆ ನೇರ ಹಾಕಬೇಡಿ, ಸುಟ್ಟುಹೋಗುತ್ತದೆ. 500 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ, ಅಥವಾ ನಮ್ಮ ವೋಲ್ಟೇಜಿನ ಬ್ರಿಕ್ ತೆಗೆದುಕೊಳ್ಳಿ. ಗೇಮ್ ಡಿಸ್ಕ್‌ಗಳಿಗೂ ರೀಜನ್ ತಾಪತ್ರಯ ಇದೆ: ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಕನ್ಸೋಲ್‌ನಲ್ಲಿ ಓಡದಿರಬಹುದು. ಆದ್ದರಿಂದ ಡಿಸ್ಕನ್ನು ಅದೇ ಕನ್ಸೋಲ್‌ನಲ್ಲಿ ಓಡಿಸಿ ನೋಡಿಯೇ ಕೊಳ್ಳಿ. ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಅಂಗಡಿ 2024ರ ಜುಲೈ 29ಕ್ಕೆ ಮುಚ್ಚಿದೆ, ಹೊಸದಾಗಿ ಅಲ್ಲಿ ಏನನ್ನೂ ಕೊಳ್ಳಲಾಗದು. ಹಾಗಾಗಿ ಡಿಸ್ಕ್ ಡ್ರೈವ್ ಚೆನ್ನಾಗಿರುವುದು ಮುಖ್ಯ. ಗೇಮ್ ಪೆಟ್ಟಿಗೆ ನೇರಳೆ ಬಣ್ಣದ್ದಾದರೆ ಅದು ಕಿನೆಕ್ಟ್‌ಗಾಗಿಯೇ ಮಾಡಿದ್ದು. ಹಸಿರು ಪೆಟ್ಟಿಗೆಯ ಮೇಲೆ ಕಿನೆಕ್ಟ್ ಗುರುತಿದ್ದರೆ ಸಾಮಾನ್ಯವಾಗಿ ಆಟ ಕಂಟ್ರೋಲರ್‌ದು, ಕಿನೆಕ್ಟ್ ಉಪ್ಪಿನಕಾಯಿಯಷ್ಟೇ.

ಕೂರಿಸುವ ಜಾಗ

ನೆಲದಿಂದ 2 ಅಡಿಯಿಂದ 6 ಅಡಿ ಎತ್ತರದೊಳಗೆ, ಟಿವಿಯ ನಡುಮಧ್ಯಕ್ಕೆ, ಟಿವಿಯ ಮೇಲೋ ಕೆಳಗೋ ಇಡಿ. ಕೆಳಗಾದರೆ ಶೆಲ್ಫ್‌ನ ಅಂಚಿಗೆ ತನ್ನಿ, ಆದರೆ ಬೀಳುವಷ್ಟಲ್ಲ. ಒಳಕ್ಕೆ ತಳ್ಳಿದರೆ ಶೆಲ್ಫ್ ಹಲಗೆಯೇ ಅಡ್ಡ ಬಂದು ನಿಮ್ಮ ಪಾದ ಮುಚ್ಚುತ್ತದೆ. ಶೋಕೇಸ್‌ನ ಗಾಜಿನ ಬಾಗಿಲ ಹಿಂದೆ ಇಟ್ಟರೆ ಲೇಸರ್ ಬೆಳಕು ಗಾಜಿಗೆ ಹೊಡೆದು ವಾಪಸ್ ಬರುತ್ತದೆ, ಕೆಲಸ ಕೆಡುತ್ತದೆ. ಸ್ಪೀಕರ್ ಮೇಲೆ ಬೇಡ, ಅದರ ಕಂಪನಕ್ಕೆ ಚಿತ್ರ ಅದುರುತ್ತದೆ. ಗೋಡೆಗೆ ತೂಗಿದ ತೆಳು ಟಿವಿಯ ನೆತ್ತಿಯಲ್ಲಿ ಇದು ನಿಲ್ಲುವುದಿಲ್ಲ. ಟಿವಿ ಕ್ಲಿಪ್ ಸಿಗದಿದ್ದರೆ ಕಾರ್ಪೆಂಟರ್ ಕೈಲಿ ಒಂದು ಸಣ್ಣ ಹಲಗೆ ಹೊಡೆಸಿ.

ಬೆಳಕು, ನೆಲ, ಬಟ್ಟೆ

ಸೆನ್ಸರ್ 830 ನ್ಯಾನೋಮೀಟರಿನ ಇನ್‌ಫ್ರಾರೆಡ್ ಬೆಳಕಿನಲ್ಲಿ ಸಾವಿರಾರು ಚುಕ್ಕಿಗಳನ್ನು ಕೋಣೆಯ ಮೇಲೆ ಚೆಲ್ಲುತ್ತದೆ. ಚುಕ್ಕಿ ಬಿದ್ದ ವಸ್ತು ಹತ್ತಿರವಿದ್ದರೆ ಒಂದು ಕಡೆ ಸರಿದಿರುತ್ತದೆ, ದೂರವಿದ್ದರೆ ಇನ್ನೊಂದು ಕಡೆ. ಆ ಸರಿದಾಟದಿಂದಲೇ ದೂರದ ಲೆಕ್ಕ. ಈ ತಂತ್ರ ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯದು. 2013ರಲ್ಲಿ ಆ ಕಂಪನಿಯನ್ನು ಆಪಲ್ ಕೊಂಡುಕೊಂಡಿತು. ಚುಕ್ಕಿಗಳನ್ನು ಏನು ಮುಚ್ಚುತ್ತದೆ, ಏನು ನುಂಗುತ್ತದೆ ಎಂದು ಯೋಚಿಸಿದರೆ ಮುಕ್ಕಾಲು ಪಾಲು ತೊಂದರೆ ನಿಮಗೇ ಹೊಳೆಯುತ್ತದೆ.

ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳ. ಪಶ್ಚಿಮಕ್ಕೆ ಬಾಲ್ಕನಿ ಇರುವ ಹಾಲ್‌ನಲ್ಲಿ ಸಂಜೆ ನಾಲ್ಕರಿಂದ ಆರರವರೆಗೆ ಬಿಸಿಲು ಆಡುವವರ ಮೈಮೇಲೆ ಬಿದ್ದರೆ ಚುಕ್ಕಿಗಳು ಕಾಣದೆ ಕೈಯೋ ಕಾಲೋ ಮಾಯವಾಗುತ್ತದೆ. ದಪ್ಪ ಕರ್ಟನ್ ಎಳೆಯಿರಿ, ತೆಳು ನೆಟ್ ಸಾಲದು. ಹ್ಯಾಲೊಜೆನ್ ದೀಪ ಆರಿಸಿ. ಎಲ್‌ಇಡಿ, ಟ್ಯೂಬ್‌ಲೈಟ್ ಏನೂ ಮಾಡುವುದಿಲ್ಲ. ಕತ್ತಲಲ್ಲೂ ಆಟ ನಡೆಯುತ್ತದೆ, ಆದರೆ ಮುಖ ನೋಡಿ ಯಾರೆಂದು ಗುರುತಿಸುವ ಕೆಲಸ ಬಣ್ಣದ ಕ್ಯಾಮೆರಾದ್ದು, ಅದಕ್ಕೆ ಬೆಳಕು ಬೇಕು. ಟ್ಯೂಬ್‌ಲೈಟ್ ಟಿವಿ ಕಡೆಯ ಗೋಡೆಯಲ್ಲಿದ್ದು ಮುಖಕ್ಕೆ ಬೀಳುವಂತಿದ್ದರೆ ಅನುಕೂಲ.

ನೆಲದ ವಿಷಯ ಯಾರೂ ಹೇಳುವುದಿಲ್ಲ. ಮಿರಮಿರ ಮಿಂಚುವ ವಿಟ್ರಿಫೈಡ್ ಟೈಲ್ಸ್, ಪಾಲಿಶ್ ಗ್ರಾನೈಟ್ ಮೇಲೆ ಚುಕ್ಕಿಗಳು ಕನ್ನಡಿಯಲ್ಲಿ ಬಿದ್ದಂತೆ ಬೇರೆಡೆಗೆ ಹಾರುತ್ತವೆ. ನೆಲ ಎಲ್ಲಿದೆ ಎಂದು ಸೆನ್ಸರ್‌ಗೆ ಗೊತ್ತಾಗದೆ ಪರದೆಯ ಮೇಲಿನ ಬೊಂಬೆಯ ಕಾಲು ತಿರುಚಿಕೊಳ್ಳುತ್ತದೆ. ಆಡುವ ಜಾಗಕ್ಕೆ ಜಮಖಾನ ಹಾಸಿ. ಬರೀ ಜಮಖಾನ ಟೈಲ್ಸ್ ಮೇಲೆ ಜಾರುತ್ತದೆ, ಕುಣಿಯುವಾಗ ಸೊಂಟ ಮುರಿದೀತು. ಅಡಿಗೆ ರಬ್ಬರ್ ಜಾಲರಿಯ ಮ್ಯಾಟ್ ಕೊಡಿ, ನಾಲ್ಕೂ ಮೂಲೆಗೆ ಟೇಪ್ ಹಾಕಿ. ಸಾಕ್ಸ್ ಬೇಡ, ಬರಿಗಾಲೇ ಸರಿ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೂ ಪಾಲಿಶ್ ಜೋರಾಗಿದ್ದರೆ ಇದೇ ಉಪಾಯ. ಹಿಂದಿನ ಗೋಡೆಯಲ್ಲಿ ದೊಡ್ಡ ಕನ್ನಡಿ ಇದ್ದರೆ ಒಂದು ಬೆಡ್‌ಶೀಟ್ ಹೊದಿಸಿ.

ಸೀರೆ, ಪಂಚೆ, ಲುಂಗಿ, ನೈಟಿ ಉಟ್ಟು ನಿಂತರೆ ಮಂಡಿ ಎಲ್ಲಿ, ಕಾಲು ಎರಡೋ ಒಂದೋ ತಿಳಿಯದು. ಸೀರೆ ಉಟ್ಟವರು ಬೌಲಿಂಗ್‌ನಂಥ ಕೈಯಾಟ ಆಡಬಹುದು, ಕಾಲೆತ್ತುವ ಆಟಕ್ಕೆ ಚೂಡಿದಾರವೋ ಪ್ಯಾಂಟೋ ಬೇಕು, ದುಪಟ್ಟಾ ತೆಗೆದಿಡಿ. ಕೆಲವು ಕಪ್ಪು ಬಟ್ಟೆಗಳು ಇನ್‌ಫ್ರಾರೆಡ್ ನುಂಗುತ್ತವೆ. ಎಲ್ಲಾ ಸರಿಯಿದ್ದೂ ಒಬ್ಬರನ್ನು ಮಾತ್ರ ಹಿಡಿಯುತ್ತಿಲ್ಲ ಎಂದಾದರೆ ಅಂಗಿ ಬದಲಿಸಿ ನೋಡಿ.

ಮೊದಲ ಗಂಟೆ

ಸಿಸ್ಟಂ ಸೆಟ್ಟಿಂಗ್ಸ್ ಒಳಗೆ ಕಿನೆಕ್ಟ್ ಭಾಗಕ್ಕೆ ಹೋಗಿ. ಅದು ಕೋಣೆಯ ಸದ್ದು ಅಳೆಯುವಾಗ ಫ್ಯಾನ್ ಎಷ್ಟು ಓಡಿಸುತ್ತೀರೋ ಅಷ್ಟೇ ಓಡಿಸಿ, ಟಿವಿ ಸೌಂಡ್ ಆಡುವಾಗ ಇಡುವಷ್ಟೇ ಇಡಿ. ಮೈಕ್ ನಾಲ್ಕಿವೆ, ಆದರೆ ಅವಕ್ಕೆ ಕನ್ನಡ ಬಾರದು. ಆಮೇಲೆ ಕಿನೆಕ್ಟ್ ಟ್ಯೂನರ್ ತೆರೆಯಿರಿ, ನಿಮ್ಮ ಆಕಾರ ತಲೆಯಿಂದ ಪಾದದವರೆಗೆ ಕಾಣುತ್ತಿದೆಯೇ ನೋಡಿ. ಕಾಣುವ ಜಾಗಕ್ಕೆ ನೆಲದಲ್ಲಿ ಟೇಪಿನ ಗುರುತು ಹಾಕಿ. ಮಕ್ಕಳು ಆಟದ ಭರದಲ್ಲಿ ಟಿವಿ ಕಡೆಗೆ ಜರುಗುತ್ತಾ ಹೋಗುತ್ತಾರೆ. ಗುರುತು ಇದ್ದರೆ ವಾಪಸ್ ಬರುತ್ತಾರೆ.

ಟಿವಿಯಲ್ಲಿ ಗೇಮ್ ಮೋಡ್ ಹಾಕುವುದನ್ನು ಮರೆಯಬೇಡಿ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಮೇಲೆ ಮೈಯ 20 ಕೀಲುಗಳನ್ನು ಗುರುತಿಸುವ ಲೆಕ್ಕ. ನೀವು ಕೈ ಎತ್ತಿದ್ದಕ್ಕೂ ಪರದೆಯಲ್ಲಿ ಎದ್ದುದಕ್ಕೂ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು ತಡ ಇದ್ದೇ ಇರುತ್ತದೆ. ಟಿವಿ ಚಿತ್ರ ಚಂದ ಮಾಡಲು ಹೊರಟರೆ ಆ ತಡ ಎದ್ದು ಕಾಣುತ್ತದೆ. ಗೇಮ್ ಮೋಡ್ ಟಿವಿಯ ಪಾಲನ್ನು ಮಾತ್ರ ತಗ್ಗಿಸುತ್ತದೆ. ಉಳಿದದ್ದು ಸೆನ್ಸರಿನ ಹುಟ್ಟುಗುಣ, ಹೊಂದಿಕೊಳ್ಳಬೇಕು.

ಯಾವ ಗೇಮಿನಿಂದ ಶುರು ಮಾಡುತ್ತೀರಿ ಎನ್ನುವುದರ ಮೇಲೆ ಅಭಿಪ್ರಾಯ ನಿಲ್ಲುತ್ತದೆ. ಕಿನೆಕ್ಟ್ ಸ್ಪೋರ್ಟ್ಸ್‌ನ ಬೌಲಿಂಗ್ ಒಳ್ಳೆಯದು: ಕೈ ಬೀಸಿದರೆ ಸಾಕು, ಜಾಗ ಕಡಿಮೆ, ತಡ ಗೊತ್ತಾಗದು, ಅಜ್ಜಿ ತಾತನೂ ಆಡಬಹುದು. ನಂತರ ಸೆನ್ಸರ್ ಜೊತೆ ಕೊಡುತ್ತಿದ್ದ ಕಿನೆಕ್ಟ್ ಅಡ್ವೆಂಚರ್ಸ್ ಹಾಕಿ. ಅದರಲ್ಲಿ ಗಾಜಿನ ಪೆಟ್ಟಿಗೆಯ ಬಿರುಕುಗಳನ್ನು ಕೈಕಾಲು ತಲೆಯಿಂದ ಮುಚ್ಚುವ ಆಟ ಇದೆ. ಐದೂ ಕಡೆ ಒಟ್ಟಿಗೆ ಮುಟ್ಟಲು ಆಗುತ್ತಿದ್ದರೆ ನಿಮ್ಮ ಹಾಲ್ ಪಾಸ್. ಪಾದ ಮಾತ್ರ ತಪ್ಪುತ್ತಿದ್ದರೆ ನೆಲ ಅಥವಾ ದೂರ ಸರಿಯಿಲ್ಲ. ಡ್ಯಾನ್ಸ್ ಬೇಕೆಂದರೆ ಡ್ಯಾನ್ಸ್ ಸೆಂಟ್ರಲ್. ಅದರ ಮೊದಲ ಭಾಗದಲ್ಲಿ ಇಬ್ಬರು ಒಟ್ಟಿಗೆ ಕುಣಿಯಲಾಗದು, 2011ರ ಎರಡನೇ ಭಾಗದಲ್ಲಿ ಆಗುತ್ತದೆ. ಕಾರ್ ಓಡಿಸುವ ಗೇಮನ್ನು ಮೊದಲ ದಿನ ಮುಟ್ಟಬೇಡಿ. ಇಲ್ಲದ ಸ್ಟೀರಿಂಗ್ ಹಿಡಿದು ಹತ್ತು ನಿಮಿಷ ನಿಂತರೆ ಭುಜ ಕಿತ್ತುಬರುತ್ತದೆ.

ಆಡುವಾಗ ಕೆಡುವುದು

ಮೆನುವಿನಲ್ಲಿ ಕೈ ಗುರುತು ನಡುಗುತ್ತದೆ: ನೀವು ತುಂಬ ಹಿಂದಿದ್ದೀರಿ, ಅಥವಾ ಬಿಸಿಲಿದೆ. ಬೆರಳುಗಳನ್ನು ಅದು ಬಿಡಿಬಿಡಿಯಾಗಿ ನೋಡುವುದಿಲ್ಲ, ಆದ್ದರಿಂದ ತೋರುಬೆರಳು ಚಾಚದೆ ಅಂಗೈ ಬಿಚ್ಚಿ ಬಟನ್ ಮೇಲೆ ಸ್ವಲ್ಪ ಹೊತ್ತು ಹಿಡಿಯಿರಿ. ಕೈಯನ್ನು ಎದೆಯ ಮುಂದೆ ಅಂಟಿಸಿಕೊಂಡರೆ ಮೈಗೂ ಕೈಗೂ ವ್ಯತ್ಯಾಸ ಸಿಗದು, ಒಂದು ಅಡಿ ಮುಂದೆ ಚಾಚಿ. ಪಕ್ಕಕ್ಕೆ ತಿರುಗಿ ನಿಂತರೆ ಆ ಕಡೆಯ ಕೈ ಮೈಯ ಹಿಂದೆ ಮರೆಯಾಗಿ ಲೆಕ್ಕ ತಪ್ಪುತ್ತದೆ.

ಇಬ್ಬರು ಆಡುತ್ತಾ ಒಬ್ಬರ ಮುಂದೆ ಒಬ್ಬರು ದಾಟಿದರೆ ಅವರ ಆಟ ಇವರಿಗೆ, ಇವರ ಆಟ ಅವರಿಗೆ ಹೋಗುತ್ತದೆ. ನಡುವೆ ಎರಡು ಅಡಿ ಬಿಡಿ. ಸೆನ್ಸರ್‌ಗೆ ಆರು ಜನ ಕಂಡರೂ ಪೂರ್ತಿ ಮೈ ಹಿಡಿಯುವುದು ಇಬ್ಬರದನ್ನೇ. ಹಿಂದೆ ಸೋಫಾದಲ್ಲಿ ಕೂತು ಚಪ್ಪಾಳೆ ತಟ್ಟುವ ಚಿಕ್ಕಮ್ಮನನ್ನು ಅದು ಆಟಗಾರ್ತಿ ಎಂದುಕೊಂಡರೆ ತಪ್ಪಲ್ಲ. ಪ್ರೇಕ್ಷಕರೆಲ್ಲ ಪಕ್ಕದ ಗೋಡೆಗೆ ಕೂರಲಿ.

360ರ ನಂತರದ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಜೊತೆ 2013ರಲ್ಲಿ ಬಂದ ಎರಡನೇ ಕಿನೆಕ್ಟ್ ಬೆಳಕು ಹೋಗಿಬರುವ ಸಮಯ ಅಳೆಯುತ್ತದೆ, ಅಡ್ಡಕ್ಕೆ 70 ಡಿಗ್ರಿ ನೋಡುತ್ತದೆ, ಆರೂ ಜನರ ಮೈ ಹಿಡಿಯುತ್ತದೆ. ಚಿಕ್ಕ ಹಾಲ್‌ಗೆ ಅದೇ ವಾಸಿ. ಆದರೆ ನೇರವಾಗಿ ಸೇರುವುದು ಮೊದಲ ಎಕ್ಸ್‌ಬಾಕ್ಸ್ ಒನ್‌ಗೆ ಮಾತ್ರ. ಒನ್ ಎಸ್, ಒನ್ ಎಕ್ಸ್‌ಗೆ ಬೇಕಾದ ಅಡಾಪ್ಟರ್ ತಯಾರಿಕೆಯೂ ನಿಂತಿದೆ. ಈಗಿನ ಸೀರೀಸ್ ಎಕ್ಸ್, ಎಸ್‌ಗೆ ಹಾಕಲು ಬರುವುದೇ ಇಲ್ಲ.

ಆಡುವ ಜಾಗದ ನೆತ್ತಿಯಲ್ಲಿ ಸೀಲಿಂಗ್ ಫ್ಯಾನ್ ಇದ್ದರೆ ಕೈ ಎತ್ತಿ ಹಾರುವ ಆಟಕ್ಕೆ ಮುನ್ನ ಆರಿಸಿ, ಟೇಬಲ್ ಫ್ಯಾನ್ ಪಕ್ಕಕ್ಕಿಡಿ. ಫ್ಲಾಟ್‌ನಲ್ಲಿ ಕೆಳಗಿನ ಮನೆಯವರಿಗೆ ಪ್ರತಿ ಜಿಗಿತವೂ ದಬದಬ ಕೇಳಿಸುತ್ತದೆ. ರಬ್ಬರ್ ಮ್ಯಾಟ್ ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ರಾತ್ರಿ ಒಂಬತ್ತರ ಮೇಲೆ ಬೌಲಿಂಗ್ ಸಾಕು.