ನೆಲದ ಮೇಲೆ ಕೂತು ಆಡಿದ ಮಾತು

ನಾಟಕ ಕಂಪನಿ ಸೇರಿದಾಗ ನನಗೆ 18 ವರ್ಷ. 1971ರ ಬನಶಂಕರಿ ಜಾತ್ರೆ. ಬಾದಾಮಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲಿ ನಾಟಕ ನಡೆಯುತ್ತಲೇ ಇರುತ್ತವೆ. ಒಂದರ ಪಕ್ಕ ಒಂದು ತಗಡಿನ ಥೇಟರು. ನಮ್ಮ ಸೀನು ನಡೆಯುವಾಗ ಪಕ್ಕದ ಕಂಪನಿಯ ಹಾರ್ಮೋನಿಯಂ ಕೇಳಿಸುತ್ತಿತ್ತು. ಹೊರಗೆ ಬಳೆ ಮಾರುವವರ ಕೂಗು, ತೊಟ್ಟಿಲು ತಿರುಗುವ ಕಿರ್‌ ಸದ್ದು. ರಂಗದ ಮೇಲೆ ತೂಗುಬಿಟ್ಟ ಎರಡೇ ಮೈಕು. ಅದರ ಕೆಳಗೆ ಬಂದಾಗ ಸರಿ, ಆಚೆ ಸರಿದರೆ ಗಂಟಲೇ ಗತಿ.

ಮಾಸ್ತರು ಮೊದಲ ವಾರವೇ ಹೇಳಿದ್ದರು: ಹಿಂದಿನ ಗೇಟಿನಲ್ಲಿ ಟಿಕೆಟ್ ಹರಿಯುವವನಿಗೆ ನಿನ್ನ ಮಾತಿನ ಕೊನೆಯ ಅಕ್ಷರ ಮುಟ್ಟಬೇಕು. ಎಲ್ಲರೂ ಶುರು ಜೋರಾಗಿ ಮಾಡಿ ಕೊನೆಯನ್ನು ನುಂಗಿಬಿಡುತ್ತಾರೆ. ಹಾಗಾಗಿ ಬೆಳಿಗ್ಗೆ ಖಾಲಿ ಥೇಟರಿನಲ್ಲಿ ನನ್ನನ್ನು ನಿಲ್ಲಿಸಿ, ಅವರು ಗೇಟಿನ ಹತ್ತಿರ ಕೂತು, ಬರೀ ವಾಕ್ಯಗಳ ಕೊನೆಯ ಪದ ಹೇಳಿಸುತ್ತಿದ್ದರು. ಹನ್ನೆರಡು ವರ್ಷ ಹುಬ್ಬಳ್ಳಿ, ಗದಗ, ಶಿರಸಿ, ದಾವಣಗೆರೆ ಅಂತ ಕ್ಯಾಂಪು ತಿರುಗಿದೆ. ಆ ಕೊನೆಯ ಪದದ ಪಾಠ ಇವತ್ತಿಗೂ ನನ್ನ ಬೆನ್ನಿಗಿದೆ.

1984ರಲ್ಲಿ ಸಿನಿಮಾಕ್ಕೆ ಬಂದೆ. ಹೀರೋಯಿನ್ ತಂದೆಯ ಪಾತ್ರ. ಮೊದಲ ದಿನ ಒಂದೇ ಮಾತು. ಹೊಲದಿಂದ ಬಂದು ಪಡಸಾಲೆಯಲ್ಲಿ ಕೂತು, ಒಳಗಿರುವ ಮಗಳಿಗೆ "ನೀರು ಕಾದಿದೆಯಾ?" ಅಂತ ಕೇಳಬೇಕು.

ನಾನು ಕೇಳಿದೆ. ನಿರ್ದೇಶಕರು ಕಟ್ ಅಂದರು. ಇಷ್ಟು ಬೇಡ, ಕಡಿಮೆ ಮಾಡಿ ಅಂದರು. ಕಡಿಮೆ ಮಾಡಿದೆ. ಆಗ ಮಾತು ಸತ್ತೇ ಹೋಯಿತು. ದನಿಯ ಜೊತೆ ಜೀವವೂ ಇಳಿದಿತ್ತು. ಏಳು ಟೇಕು ಆಯಿತು. ಆಗ ಫಿಲಂ ರೋಲಿನ ಕಾಲ. ಕ್ಯಾಮೆರಾಗೆ ಹಾಕುವ 400 ಅಡಿಯ ರೋಲು ನಾಲ್ಕೂವರೆ ನಿಮಿಷ ಕೂಡ ಬರುತ್ತಿರಲಿಲ್ಲ. ಒಂದೊಂದು ಟೇಕು ಹಾಳಾದಾಗಲೂ ನಿರ್ಮಾಪಕರ ಮುಖ ನೋಡೋಕೆ ಆಗುತ್ತಿರಲಿಲ್ಲ.

ಎಂಟನೇ ಟೇಕಿಗೆ ನನಗೇ ಗೊತ್ತಿಲ್ಲದೆ ಬಾಯಲ್ಲಿ "ನೀರು ಕಾದಾವೇನು?" ಅಂತ ಬಂತು. ನಮ್ಮ ಬಾದಾಮಿ ಕಡೆ ನೀರು ಯಾವಾಗಲೂ ಬಹುವಚನ. ನೀರು ಬಂದಾವು, ನೀರು ಕಾದಾವು. ಹಾಗೆ ಕೇಳಿದ ತಕ್ಷಣ ನಮ್ಮ ಮನೆ ಕಣ್ಣ ಮುಂದೆ ಬಂತು, ಅಡುಗೆಮನೆ ಎಷ್ಟು ದೂರ ಅನ್ನೋದು ಬಂತು. ದನಿ ತಾನೇ ಅಷ್ಟೇ ದೂರಕ್ಕೆ ಹೋಗಿ ನಿಂತಿತು. ನಿರ್ದೇಶಕರು ಓಕೆ ಅಂದರು. ಕಥೆ ನಡೆಯುವುದು ಮಂಡ್ಯ ಕಡೆ, ಹಾಗಾಗಿ ಡಬ್ಬಿಂಗಿನಲ್ಲಿ ಮಾತು ಸರಿ ಮಾಡೋಣ ಅಂದರು. ಅದು ನ್ಯಾಯವೇ.

ನಾನು ಅಭಿನಯ ಕಲಿತದ್ದು ಆ ಡಬ್ಬಿಂಗ್ ಥೇಟರಿನಲ್ಲಿ. ಆಗಿನ ಆರಿ ಕ್ಯಾಮೆರಾ ಓಡುವಾಗ ಹೊಲಿಗೆ ಮಷೀನಿನ ಹಾಗೆ ಸದ್ದು ಮಾಡುತ್ತಿತ್ತು. ಜಾಗದಲ್ಲಿ ಆಡಿದ ಮಾತು ಕೆಲಸಕ್ಕೆ ಬರುತ್ತಿರಲಿಲ್ಲ. ಆಮೇಲೆ ಪೂರ್ತಿ ಸಿನಿಮಾವನ್ನು ಸಣ್ಣ ತುಂಡು ಮಾಡಿ, ತುದಿಗೆ ತುದಿ ಅಂಟಿಸಿ, ಒಂದೇ ತುಂಡು ತಿರುಗಿ ತಿರುಗಿ ಬರುವ ಹಾಗೆ ಓಡಿಸುತ್ತಿದ್ದರು. ಅದಕ್ಕೆ ಲೂಪ್ ಅಂತಿದ್ದೆವು. ಕತ್ತಲಲ್ಲಿ ನಿಂತು, ತೆರೆಯ ಮೇಲಿನ ನಮ್ಮದೇ ತುಟಿ ನೋಡಿ ಮಾತು ಕೂಡಿಸಬೇಕು.

ತುಟಿ ಕೂಡಿತು. ಆದರೂ ಮಾತು ಆ ಮನುಷ್ಯನದು ಅನ್ನಿಸಲಿಲ್ಲ. ನಾಲ್ಕೈದು ಲೂಪು ಹೋದ ಮೇಲೆ ಹೊಳೆಯಿತು. ತೆರೆ ಮೇಲೆ ನಾನು ಚಕ್ಕಳಮಕ್ಕಳ ಹಾಕಿ ಕೂತಿದ್ದೇನೆ. ಇಲ್ಲಿ ಮೈಕಿನ ಮುಂದೆ ನೆಟ್ಟಗೆ ನಿಂತಿದ್ದೇನೆ. ಕೂತವನ ಹೊಟ್ಟೆ ಒತ್ತಿರುತ್ತದೆ, ಉಸಿರು ಗಿಡ್ಡ. ನಿಂತವನ ಉಸಿರು ಉದ್ದ. ತುಟಿಗೆ ಅದು ಗೊತ್ತಾಗಲ್ಲ, ಕಿವಿಗೆ ಗೊತ್ತಾಗುತ್ತದೆ. ಇಂಜಿನಿಯರ್ ಹತ್ತಿರ ಕೇಳಿಕೊಂಡೆ. ಅವರು ಪುಣ್ಯಾತ್ಮರು, ಮೈಕಿನ ಸ್ಟ್ಯಾಂಡನ್ನು ಪೂರ್ತಿ ಇಳಿಸಿಕೊಟ್ಟರು. ನೆಲದ ಮೇಲೆ ಕೂತು ಹೇಳಿದೆ. ಎರಡನೇ ಲೂಪಿಗೆ ಮುಗಿಯಿತು.

ಅವತ್ತಿನಿಂದ ಡಬ್ಬಿಂಗಿಗೆ ಕೈಚೀಲ ಹಿಡಿದು ಹೋಗುವುದು ರೂಢಿ. ಪಾತ್ರ ತಂಬಿಗೆ ಎತ್ತಿ ನೀರು ಕುಡಿದು ಮಾತಾಡಿದ್ದರೆ ಚೀಲದಲ್ಲಿ ತಂಬಿಗೆ ಇರುತ್ತದೆ. ಎಲೆಯಡಿಕೆ ಹಾಕಿದ್ದರೆ ಎಲೆಯಡಿಕೆ. ಹೆಗಲ ಮೇಲೆ ಚೀಲ ಹೊತ್ತ ಸೀನಾದರೆ ಇನ್ನೊಬ್ಬರ ಕೈಯಿಂದ ಹೆಗಲು ಒತ್ತಿಸಿಕೊಳ್ಳುತ್ತೇನೆ. ಸಾಯುವ ಸೀನು ಬಂದರೆ ಮಲಗುತ್ತೇನೆ. ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರುತ್ತದೆ, ಅಕ್ಷರ ದಪ್ಪ ಆಗುತ್ತದೆ. ನಿಂತುಕೊಂಡು ಅದನ್ನು ನಟಿಸಿದರೆ ಬರೀ ನರಳಾಟ ಆಗುತ್ತೆ.

ಆಮೇಲೆ ಶೂಟಿಂಗಿನಲ್ಲೂ ಇದನ್ನೇ ಮಾಡಿದೆ. ಕಥೆ ಕೇಳುವಾಗ ಮೊದಲು ವಿಚಾರಿಸುವುದು ಈ ಮನುಷ್ಯ ದಿನವಿಡೀ ಹೇಗೆ ಕೂರುತ್ತಾನೆ, ಏನು ಹೊರುತ್ತಾನೆ ಅಂತ. ಕೋಪಿಷ್ಠನಾ ಸಾಧುವಾ ಅನ್ನುವುದು ಆಮೇಲೆ. ದರ್ಜಿಯ ಕತ್ತು ಮುಂದೆ ಬಾಗಿರುತ್ತದೆ. ಬಸ್ ಕಂಡಕ್ಟರ್ ಕಾಲು ಅಗಲಿಸಿ ನಿಲ್ಲುತ್ತಾನೆ. ದನಿ ಅಲ್ಲಿಂದ ಶುರು.

ಕಂಪನಿ ನಟರು ಕ್ಯಾಮೆರಾಗೆ ಆಗಿಬರಲ್ಲ ಅನ್ನುವ ಮಾತು ಈಗಲೂ ಕೇಳುತ್ತೇನೆ. ನನಗೆ ನೋವಾಗುತ್ತದೆ. 'ಚೋಮನ ದುಡಿ'ಯ ಚೋಮನಾಗಿ 1975ರ ರಾಷ್ಟ್ರಪ್ರಶಸ್ತಿ ಪಡೆದ ಎಂ. ವಿ. ವಾಸುದೇವರಾವ್ ಕಂಪನಿಯಿಂದ ಬಂದವರು. ಆ ಸಿನಿಮಾ ಮಾಡಿದ ಬಿ. ವಿ. ಕಾರಂತರು ಹುಡುಗರಾಗಿದ್ದಾಗ ಗುಬ್ಬಿ ಕಂಪನಿಯಲ್ಲಿದ್ದವರು. ರಾಜಕುಮಾರ್ ಅದೇ ಕಂಪನಿಯ ಹುಡುಗ. ಚೋಮ ಗಟ್ಟಿಯಾಗಿ ಮಾತಾಡುವುದು ಎಷ್ಟು ಕಡಿಮೆ ನೋಡಿ. ಆ ಮೌನ ಹಿಡಿದಿಡೋಕೆ ಹಿಂದೆ ದೊಡ್ಡ ದನಿ ಬೇಕು. ದೊಡ್ಡ ಕೊಡ ಇದ್ದವನು ಲೋಟದಷ್ಟು ಸುರಿಯಬಲ್ಲ. ಲೋಟವೇ ಇದ್ದವನು ಏನು ಮಾಡ್ತಾನೆ?

ಇನ್ನೊಂದು ಸಂಕಟ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆಯ ಭಾಷೆ ಸಿನಿಮಾದಲ್ಲಿ ಬಹಳ ಕಾಲ ನಗಿಸೋಕೆ ಮಾತ್ರ ಇತ್ತು. ಅಡುಗೆಯವನು, ಪೆದ್ದ ಪೊಲೀಸು, ಊರಿಂದ ಬಂದ ಮಾವ. ನಾನೂ ಅಂಥ ಪಾತ್ರಗಳನ್ನು ಮಾಡಿದ್ದೇನೆ. ಮನೆ ನಡೆಯಬೇಕಿತ್ತು. ಒಂದು ಸಲ ಮಗ ಸತ್ತ ಸುದ್ದಿ ಕೇಳುವ ಸೀನನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ ಅಂದೆ. ಜನ ನಕ್ಕುಬಿಡುತ್ತಾರೆ, ಬೇಡ ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮವ್ವ ಅತ್ತದ್ದು ಅದೇ ಭಾಷೆಯಲ್ಲಿ ಅಲ್ವಾ? ಆಮೇಲೆ ನಗಿಸುವುದಕ್ಕಷ್ಟೇ ಭಾಷೆ ಕೇಳಿದರೆ ಬೇಡ ಅನ್ನತೊಡಗಿದೆ. ಪಾತ್ರ ಕಡಿಮೆ ಆದವು. ಐದಾರು ವರ್ಷ ಕಷ್ಟವಾಯಿತು. ತಪ್ಪು ಮಾಡಿದೆ ಅಂತ ಒಂದು ದಿನವೂ ಅನ್ನಿಸಿಲ್ಲ.

ಧಾರಾವಾಹಿಗಳಲ್ಲೂ ಮಾಡಿದ್ದೇನೆ. ಅಲ್ಲಿ ಕ್ಯಾಮೆರಾ ಪಕ್ಕ ಒಬ್ಬರು ಪೂರ್ತಿ ಸಾಲು ಓದುತ್ತಾರೆ, ನಟರು ಹಿಂದೆಯೇ ಹೇಳುತ್ತಾರೆ. ಕಂಪನಿಯಲ್ಲೂ ಪರದೆಯ ಪಕ್ಕ ಪ್ರಾಂಪ್ಟರ್ ಇರುತ್ತಿದ್ದರು ನಿಜ. ಅವರು ಮರೆತಾಗ ಮೊದಲ ಪದ ಎತ್ತಿಕೊಡುತ್ತಿದ್ದರು, ಅಷ್ಟೇ. ಕಿವಿಯಲ್ಲಿ ಇನ್ನೊಬ್ಬರ ದನಿ ಇರುವಾಗ ಎದುರಿನವರ ಮಾತು ಕೇಳಿಸಲ್ಲ. ನಾನು ಹಿಂದಿನ ರಾತ್ರಿಯೇ ಹಾಳೆ ತರಿಸಿಕೊಂಡು ಬಾಯಿಪಾಠ ಮಾಡುತ್ತೇನೆ. ಹೊಸ ಹುಡುಗರಿಗೂ ಅದನ್ನೇ ಕೇಳಿಕೊಳ್ಳುತ್ತೇನೆ.

ಈಗಿನವರ ಮೇಲೆ ನನಗೆ ದೂರಿಲ್ಲ. ನೀನಾಸಂ, ರಂಗಾಯಣಗಳಿಂದ ಬರುವ ಹುಡುಗರು ಎಷ್ಟು ಚೆನ್ನಾಗಿ ಮಾಡ್ತಾರೆ! ಜಾಗದಲ್ಲೇ ದನಿ ಹಿಡಿಯುವ ಪದ್ಧತಿ ಜಾಸ್ತಿ ಆಗಿದೆ. ಅಂಗಿಯೊಳಗೆ ಕಾಳಿನಷ್ಟು ಮೈಕು. ಬೆನ್ನು ಬಾಗಿಸಿ ಆಡಿದ ಮಾತು ಬಾಗಿದ ಬೆನ್ನಿನ ಸಮೇತ ಸಿಗುತ್ತದೆ. ಕೈಚೀಲ ಹೊರುವ ಕೆಲಸ ತಪ್ಪಿದೆ. ಅವರವರ ಊರಿನ ಭಾಷೆಯಲ್ಲಿ ಅಳುವ ಪಾತ್ರಗಳೂ ಬರುತ್ತಿವೆ.

ಮುಂದಿನ ತಿಂಗಳು ಒಂದು ಸಣ್ಣ ಸಿನಿಮಾ ಶುರುವಾಗುತ್ತಿದೆ. ನನ್ನದು ನೇಕಾರನ ಪಾತ್ರ, ನಾಲ್ಕು ಸೀನು. ನಮ್ಮೂರು ಗುಳೇದಗುಡ್ಡ, ಅಪ್ಪ ರವಿಕೆಯ ಖಣ ನೇಯುತ್ತಿದ್ದವರು. ಅವರ ಮಗ್ಗ ನಮ್ಮ ಮನೆಯಲ್ಲಿ ಈಗ ಇಲ್ಲ. ಹಾಗಾಗಿ ಊರಿಗೆ ಬಂದು ಪರಿಚಯದ ಮನೆಯೊಂದರ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುತ್ತಿದ್ದೇನೆ, ದಿನಕ್ಕೆ ಎರಡು ತಾಸು. ನೇಯೋಕೆ ಬರಲ್ಲ, ಅವರು ಹೇಳಿದ ಹಾಗೆ ಕಾಲು ಆಡಿಸುತ್ತೇನೆ. ಅಪ್ಪ ಕೆಲಸದ ನಡುವೆ ಅವ್ವನನ್ನು ಏನಾದರೂ ಕೇಳುವಾಗ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಮತ್ತೆ ಮುಂದುವರಿಯುತ್ತಿತ್ತು. ಅದು ಅವರ ಸ್ವಭಾವ ಅಂದುಕೊಂಡಿದ್ದೆ. ನಿನ್ನೆ ಗೊತ್ತಾಯಿತು, ಕಾಲು ತುಳಿಯುವಾಗ ಉಸಿರು ಹಿಡಿಯಲೇಬೇಕು. ಲಾಳಿ ಆ ಕಡೆ ಹೋದ ಮೇಲೆ ಅರ್ಧ ಮಾತಿಗೆ ಜಾಗ ಸಿಗುತ್ತದೆ.