ಸೂಜಿ ಕಂಡರೆ ಓಡುವ ಬೆಕ್ಕಿಗೆ ಇಂಜೆಕ್ಷನ್ ಕೊಡುವುದು ಹೇಗೆ?

ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂದಿದೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು ಅಂತ ಡಾಕ್ಟರ್ ಹೇಳಿದಾಗ ಹೆಚ್ಚಿನವರಿಗೆ ಕಾಯಿಲೆಗಿಂತ ಸೂಜಿಯದ್ದೇ ದೊಡ್ಡ ಚಿಂತೆ. ಮುಟ್ಟಿದರೆ ಪರಚುವ ಬೆಕ್ಕನ್ನು 12 ಗಂಟೆಗೊಮ್ಮೆ ಹಿಡಿಯುವುದು ಹೇಗೆ? ಧೈರ್ಯ ತಂದುಕೊಳ್ಳಿ. ಇನ್ಸುಲಿನ್ ಸೂಜಿ ತುಂಬಾ ತೆಳು. ಅದು ಚರ್ಮದೊಳಗೆ ಹೋದದ್ದು ಎಷ್ಟೋ ಬೆಕ್ಕುಗಳಿಗೆ ಗೊತ್ತೇ ಆಗುವುದಿಲ್ಲ. ಅವು ಹೆದರುವುದು ಮಂಚದ ಕೆಳಗಿಂದ ಎಳೆದು ತಂದು, ಇಬ್ಬರು ಸೇರಿ ಅದುಮಿ ಹಿಡಿದು, ಮೇಲಿಂದ ಗಾಬರಿಯಲ್ಲಿ ಕೂಗಾಡುತ್ತೇವಲ್ಲ, ಆ ಗಲಾಟೆಗೆ. ಅದನ್ನು ತಪ್ಪಿಸಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಪಶುವೈದ್ಯರ ಎದುರೇ ಒಂದು ಸಲ ಮಾಡಿ ನೋಡಿ. ಔಷಧದ ಬದಲು ಬರೀ ಸಲೈನ್ ತುಂಬಿಸಿಕೊಂಡು ಬೆಕ್ಕಿಗೆ ನೀವೇ ಚುಚ್ಚಿ ನೋಡುತ್ತೇನೆ ಅಂತ ಕೇಳಿ, ನಾಚಿಕೆ ಬೇಡ. ಇಲ್ಲಿ ಹೇಳುತ್ತಿರುವುದು ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್ ಬಗ್ಗೆ ಮಾತ್ರ. ಮಾಂಸಖಂಡಕ್ಕೆ ಕೊಡುವುದಾದರೆ ಅವರಿಗೇ ಬಿಟ್ಟುಬಿಡಿ. ಹಿಂಗಾಲಲ್ಲಿ ದೊಡ್ಡ ನರ ಹಾದುಹೋಗುತ್ತದೆ, ಅದಕ್ಕೆ ಸೂಜಿ ತಗುಲಿದರೆ ಕಾಲು ಕುಂಟಾಗಬಹುದು.

ಆಮೇಲೆ ಅಭ್ಯಾಸ. ಮನೆಯಲ್ಲಿ ಒಂದು ಜಾಗ ಗೊತ್ತುಮಾಡಿ, ಊಟದ ತಟ್ಟೆ ಯಾವಾಗಲೂ ಅಲ್ಲೇ ಇಡಿ. ಬೆಕ್ಕು ತಿನ್ನುವಾಗ ಪಕ್ಕದಲ್ಲಿ ಕೂತು ಬೆನ್ನು ಸವರಿ. ಅದು ತಲೆ ಎತ್ತದೆ ತಿನ್ನುತ್ತಿದ್ದರೆ ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ, ಬಿಟ್ಟುಬಿಡಿ. ಮುಂದೆ ಮುಚ್ಚಳ ಹಾಕಿದ ಸಿರಿಂಜ್ ಅನ್ನು ಸುಮ್ನೆ ಅಲ್ಲಿಗೆ ತಾಗಿಸಿ. ಪ್ರತಿ ಸಲವೂ ಇಷ್ಟದ ತಿಂಡಿ ಚೂರು ಸಿಗಲಿ. ಹಾಗಂತ ಇದಕ್ಕಾಗಿ ಚಿಕಿತ್ಸೆ ತಡಮಾಡಬೇಡಿ, ಎರಡು ಡೋಸ್‌ಗಳ ನಡುವಿನ ಸಮಯದಲ್ಲಿ ಮಾಡಿ. ಹತ್ತು ಸಲ ಮುಟ್ಟಿದ್ದರಲ್ಲಿ ಒಂದು ಸಲ ಮಾತ್ರ ಸೂಜಿ ಇದ್ದರೆ ಬೆಕ್ಕಿಗೆ ನಿಮ್ಮ ಕೈ ಮೇಲಿನ ನಂಬಿಕೆ ಹೋಗುವುದಿಲ್ಲ.

ಸಿರಿಂಜ್ ತುಂಬಿಸುವುದು ಬೆಕ್ಕಿನ ಕಣ್ಣಿಗೆ ಬೀಳದ ಕಡೆ. ಇಲ್ಲಿ ಅವಸರ ಬೇಡ. ಇನ್ಸುಲಿನ್‌ನಲ್ಲಿ ಯು-40 (ಒಂದು ಮಿ.ಲೀ.ಗೆ 40 ಯೂನಿಟ್), ಯು-100 (ಒಂದು ಮಿ.ಲೀ.ಗೆ 100 ಯೂನಿಟ್) ಅಂತ ಬಗೆಗಳಿವೆ, ಸಿರಿಂಜ್ ಕೂಡ ಅದಕ್ಕೆ ತಕ್ಕದ್ದೇ ಆಗಿರಬೇಕು. ಯು-100 ಔಷಧವನ್ನು ಯು-40 ಸಿರಿಂಜ್‌ನಲ್ಲಿ ಅಳೆದರೆ ಎರಡೂವರೆ ಪಟ್ಟು ಜಾಸ್ತಿ ಹೋಗುತ್ತದೆ, ಅದು ಪ್ರಾಣಕ್ಕೇ ಅಪಾಯ. ಬಾಟಲಿಯನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ, ಹೆಪ್ಪುಗಟ್ಟಲು ಬಿಡಬೇಡಿ. ಕೆಲವು ಇನ್ಸುಲಿನ್ ಅಂಗೈಯಲ್ಲಿ ಹೊರಳಿಸಬೇಕು, ಕೆಲವು ಕುಲುಕಬೇಕು, ಲೇಬಲ್ ಓದಿ ಅದರಂತೆ ಮಾಡಿ. ಗಾಳಿಗುಳ್ಳೆ ತೆಗೆಯಿರಿ. ಸೂಜಿ ಪ್ರತಿ ಸಲ ಹೊಸದು, ಯಾಕೆಂದರೆ ಒಮ್ಮೆ ಬಳಸಿದ್ದು ಮೊಂಡಾಗಿರುತ್ತದೆ, ನೋವು ಕೊಡುತ್ತದೆ.

ಈಗ ಊಟ ಇಡಿ. ಬೆಕ್ಕು ತಿನ್ನಲು ಶುರುಮಾಡಲಿ. ಪಕ್ಕದಿಂದ ಬನ್ನಿ, ಎದುರಿಂದ ಬೇಡ. ಒಂದು ಕೈಯಲ್ಲಿ ಪಕ್ಕೆಯ ಸಡಿಲ ಚರ್ಮವನ್ನು ಪುಟ್ಟ ಗುಡಾರದ ಹಾಗೆ ಎತ್ತಿ. ಸೂಜಿ ತುದಿಯ ಓರೆಯಾಗಿ ಕತ್ತರಿಸಿದ ಮುಖ ಮೇಲಿರಲಿ. ಗುಡಾರದ ಬುಡಕ್ಕೆ, ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ತಡೆಯದೆ ಒಳಗೆ ಹಾಕಿ. ಹೆದರಿ ನಿಧಾನ ಮಾಡಿದಷ್ಟೂ ನೋವು ಜಾಸ್ತಿ. ಪ್ಲಂಜರ್ ಒತ್ತಿ, ಹೊರತೆಗೆಯಿರಿ, ಸವರಿ. ಅಷ್ಟೇ. ಸೂಜಿ ಆ ಕಡೆಯಿಂದ ಹೊರಗೆ ಬಂದಿಲ್ಲ ತಾನೇ ಅಂತ ತುಪ್ಪಳ ಮುಟ್ಟಿ ನೋಡಿ. ದಿನಾ ಒಂದೇ ಜಾಗಕ್ಕೆ ಚುಚ್ಚಿದರೆ ಅಲ್ಲಿ ಗಡ್ಡೆ ಕಟ್ಟುತ್ತದೆ, ಎಡ ಬಲ ಬದಲಿಸುತ್ತಿರಿ.

ತುಪ್ಪಳ ಒದ್ದೆಯಾಗಿದ್ದರೆ? ಔಷಧ ಹೊರಗೆ ಹೋಗಿದೆ ಅಂತ ಅರ್ಥ. ಎಷ್ಟು ಒಳಗೆ ಹೋಯಿತು ಅಂತ ಗೊತ್ತಾಗದಿದ್ದರೆ ಇನ್ನೊಂದು ಸಲ ಕೊಡಲೇಬೇಡಿ, ಮುಂದಿನ ಹೊತ್ತಿಗೆ ಕಾಯಿರಿ. ಒಂದು ಡೋಸ್ ತಪ್ಪಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಎರಡು ಪಟ್ಟು ಹೋದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಬೆಕ್ಕು ಊಟ ಬಿಟ್ಟಿದ್ದರೂ ಇಂಜೆಕ್ಷನ್‌ಗೆ ಮೊದಲು ಡಾಕ್ಟರಿಗೆ ಫೋನ್ ಮಾಡಿ. ತೂರಾಡುವುದು, ನಡುಗುವುದು, ಸುಸ್ತಾಗಿ ಬೀಳುವುದು, ಫಿಟ್ಸ್ ಬರುವುದು ಇವೆಲ್ಲ ಸಕ್ಕರೆ ಇಳಿದ ಲಕ್ಷಣ. ಜೇನುತುಪ್ಪ ಅಥವಾ ಗ್ಲೂಕೋಸ್ ಸಿರಪ್ ಅನ್ನು ಒಸಡಿಗೆ ಸವರಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಬಾಯೊಳಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗಬಹುದು. ಫಿಟ್ಸ್ ಬರುತ್ತಿದ್ದರೆ ಬೆರಳು ಬಾಯಿಗೆ ಹಾಕಲೇಬೇಡಿ, ಕಚ್ಚುತ್ತದೆ.

ಊಟದ ಆಸೆಗೂ ಬಗ್ಗದ ಬೆಕ್ಕುಗಳಿವೆ. ಅಂಥದಕ್ಕೆ ದಪ್ಪ ಟವೆಲ್. ಮೈಮೇಲೆ ಹೊದಿಸಿ, ಮುಂಗಾಲು ಒಳಗೆ ಸೇರಿಸಿ ಸುತ್ತಿ, ತಲೆ ಮತ್ತು ಒಂದು ಪಕ್ಕೆ ಮಾತ್ರ ಹೊರಗೆ ಬಿಡಿ. ಇನ್ನೊಬ್ಬರಿದ್ದರೆ ಅವರು ಮೆಲ್ಲಗೆ ಮಾತಾಡಿಸುತ್ತಾ ಹಿಡಿದಿರಲಿ. ಕುತ್ತಿಗೆಯ ಚರ್ಮ ಹಿಡಿದು ಎತ್ತುವುದು ಮಾತ್ರ ಬೇಡವೇ ಬೇಡ. ದೊಡ್ಡ ಬೆಕ್ಕಿಗೆ ಅದು ನೋವು, ಭಯ ಎರಡೂ. ಕಿವಿ ಹಿಂದಕ್ಕೆ ಒತ್ತಿ ಗುರ್ ಅನ್ನುತ್ತಿದ್ದರೆ ಬಿಟ್ಟುಬಿಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಪ್ರತಿ ಸಲವೂ ಜಗಳವೇ ಆದರೆ ಪಶುವೈದ್ಯರಿಗೆ ಹೇಳಿ. ಹೆದರುವ ಬೆಕ್ಕುಗಳಿಗೆ ಅವರು ಗಬಪೆಂಟಿನ್‌ನಂಥ ಔಷಧ ಕೊಡುವುದುಂಟು, ಅದನ್ನು ನೀವೇ ತಂದು ಕೊಡಬೇಡಿ.

ಕಚ್ಚಿಸಿಕೊಂಡರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರನ್ನು ಕಾಣಿ. ಬೆಕ್ಕಿನ ಹಲ್ಲಿನ ಗಾಯ ಹೊರಗೆ ಸಣ್ಣದು, ಒಳಗೆ ಆಳ, ಬೇಗ ಕೀವಾಗುತ್ತದೆ. ರೇಬಿಸ್ ಲಸಿಕೆ ಬೇಕೇ ಅಂತಲೂ ಅಲ್ಲೇ ಕೇಳಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು, ತುಂಬಿದ ಮೇಲೆ ಪಶು ಆಸ್ಪತ್ರೆಗೇ ಒಪ್ಪಿಸಿ. ಕಸ ಆರಿಸುವವರ ಕೈಗೆ ಅವು ಚುಚ್ಚಬಾರದು.