ಪ್ರೊಪೊಫಾಲ್ ಕೊಡುವಾಗ ರೋಗಿಯ ಕೈ ಉರಿಯದಂತೆ ನೋಡಿಕೊಳ್ಳುವುದು ಹೇಗೆ

ಅರಿವಳಿಕೆಗೆ ಪ್ರಜ್ಞೆ ತಪ್ಪಿಸುವ ಔಷಧವಾದ ಪ್ರೊಪೊಫಾಲನ್ನು ಮುನ್ನೆಚ್ಚರಿಕೆ ಇಲ್ಲದೆ ಕೊಟ್ಟರೆ ನೂರರಲ್ಲಿ ಸುಮಾರು 60 ರೋಗಿಗಳಿಗೆ ನರದ (ಇಲ್ಲಿ ನರವೆಂದರೆ ಔಷಧ ಚುಚ್ಚುವ ರಕ್ತನಾಳ, ಅಭಿಧಮನಿ) ಉದ್ದಕ್ಕೂ ಉರಿ ಹತ್ತುತ್ತದೆ. ಕಲಬುರಗಿಯ ರೋಗಿ “ಕೈ ಉರೀಲತ್ತದ್ರೀ” ಎಂದು ಹೇಳಿ ಮುಗಿಸುವಷ್ಟರಲ್ಲಿ ಪ್ರಜ್ಞೆ ತಪ್ಪಿರುತ್ತದೆ. ಅದಕ್ಕಾಗಿಯೇ ಈ ನೋವನ್ನು ಬಹುತೇಕರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು, ಏಕೆಂದರೆ ಇದನ್ನು ತಡೆಯಲು ದುಬಾರಿ ಸಲಕರಣೆ ಯಾವುದೂ ಬೇಕಿಲ್ಲ.

ಮೊದಲು ಗಮನಿಸಬೇಕಾದದ್ದು ನರದ ಆಯ್ಕೆ. ಅಂಗೈ ಹಿಂಭಾಗದ ಸಣ್ಣ ನರದಲ್ಲಿ ಔಷಧ ನಿಧಾನವಾಗಿ ಸಾಗಿ ನರದ ಒಳಗೋಡೆಯನ್ನು ಕೆರಳಿಸುತ್ತದೆ, ಮೊಣಕೈ ಮಡಿಕೆಯ ದೊಡ್ಡ ನರದಲ್ಲಿ ರಕ್ತದೊಡನೆ ಬೇಗ ಬೆರೆಯುತ್ತದೆ. ಆದರೆ ಅಲ್ಲಿ ಅಪಧಮನಿಯೂ ಸಮೀಪದಲ್ಲೇ ಇರುವುದರಿಂದ ಕ್ಯಾನುಲಾ (ಔಷಧ ಕೊಡಲು ಚುಚ್ಚಿಡುವ ತೆಳು ಕೊಳವೆ) ನರದೊಳಗೇ ಇದೆಯೆಂದು ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ನಮ್ಮ ಬೇಸಿಗೆಯಲ್ಲಿ, ಬಿಸಿಲು 40 ಡಿಗ್ರಿ ದಾಟಿದ ದಿನ, ಹಿಂದಿನ ರಾತ್ರಿಯಿಂದ ನೀರೂ ಮುಟ್ಟದೆ ಬಂದವರ ನರಗಳು ಬತ್ತಿರುತ್ತವೆ. ಹೊಟ್ಟೆ ತಡವಾಗಿ ಖಾಲಿಯಾಗುವ ತೊಂದರೆ ಇಲ್ಲದವರು ಅರಿವಳಿಕೆಗೆ 2 ಗಂಟೆ ಮೊದಲಿನವರೆಗೆ ತಿಳಿನೀರು ಕುಡಿಯಬಹುದೆಂಬುದನ್ನು ವಾರ್ಡಿನಲ್ಲಿಯೇ, ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳಿದರೆ ದೊಡ್ಡ ನರ ಸಿಗುವುದು ಸುಲಭವಾಗುತ್ತದೆ.

ಅಂಗೈ ಹಿಂಭಾಗದ ನರವೇ ಗತಿಯಾದಾಗ, ಚುಚ್ಚಿದ ಜಾಗವನ್ನು ಮರಗಟ್ಟಿಸುವ ಲಿಗ್ನೋಕೇನ್ ನೆರವಿಗೆ ಬರುತ್ತದೆ. ತೋಳಿಗೆ ಪಟ್ಟಿ ಬಿಗಿದು, 2 ಶೇಕಡ ಲಿಗ್ನೋಕೇನ್ 2 ಮಿಲಿ, ಅಂದರೆ 40 ಮಿಲಿಗ್ರಾಂ ಕೊಟ್ಟು, ಅರ್ಧದಿಂದ ಒಂದು ನಿಮಿಷ ಹಾಗೆಯೇ ಹಿಡಿದು, ಪಟ್ಟಿ ಬಿಚ್ಚಿದೊಡನೆ ಪ್ರೊಪೊಫಾಲ್ ಕೊಡಬೇಕು. ಇದು ಔಷಧ ನರದಲ್ಲಿಯೇ ನಿಂತು ಕೆಲಸ ಮಾಡುವ ವಿಧಾನವಾದ್ದರಿಂದ, ಸಮಯವಿದ್ದರೆ ಇದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಅವಸರದಲ್ಲಿ 200 ಮಿಲಿಗ್ರಾಂ ಪ್ರೊಪೊಫಾಲ್‌ಗೆ 20 ಮಿಲಿಗ್ರಾಂ ಲಿಗ್ನೋಕೇನ್ ಬೆರೆಸಿ ಕೂಡಲೇ ಕೊಡಬಹುದು. ಹೆಚ್ಚು ಬೆರೆಸಿದರೆ ಅಥವಾ ಬೆರೆಸಿ ಇಟ್ಟರೆ ಪ್ರೊಪೊಫಾಲ್ ದ್ರವದಲ್ಲಿರುವ ಎಣ್ಣೆಯ ಹನಿಗಳು ಒಂದುಗೂಡಿ ಮಿಶ್ರಣ ಒಡೆಯುತ್ತದೆ. ಬಾಟಲಿಯ ಚೀಟಿಯನ್ನು ಎರಡು ಸಲ ಓದಿರಿ: ಅಡ್ರಿನಾಲಿನ್ ಸೇರಿದ ಲಿಗ್ನೋಕೇನನ್ನು ನರಕ್ಕೆ ಎಂದಿಗೂ ಕೊಡಬಾರದು.

ಲಿಗ್ನೋಕೇನ್ ಒಗ್ಗದವರಿಗೆ, ಹೃದಯದ ತಡೆ (ಹಾರ್ಟ್ ಬ್ಲಾಕ್, ಅಂದರೆ ಬಡಿತದ ವಿದ್ಯುತ್ ಸಂಕೇತಕ್ಕೆ ತಡೆ) ಇರುವವರಿಗೆ, ಉಸಿರಾಟದ ಮೇಲೆ ಕಣ್ಣಿಟ್ಟು ಮೊದಲೇ ಸ್ವಲ್ಪ ಫೆಂಟನಿಲ್ (ಪ್ರಬಲ ನೋವುನಿವಾರಕ) ಕೊಡುವುದೂ ನೆರವಾಗುತ್ತದೆ. ಮಧ್ಯಮ ಸರಪಳಿಯ ಕೊಬ್ಬು ಸೇರಿದ ಪ್ರೊಪೊಫಾಲ್ ಸಿಕ್ಕರೆ ಉರಿ ಇನ್ನೂ ಕಡಿಮೆ.

ಸ್ನಾಯುಗಳನ್ನು ಸಡಿಲಿಸುವ ರೊಕ್ಯುರೋನಿಯಮ್ ಕೂಡ ನರವನ್ನು ಉರಿಸುವುದರಿಂದ ಅದನ್ನು ಕೊಡುವಾಗಲೂ ಎಚ್ಚರ ಬೇಕು. ನಿದ್ದೆ ಬಂದ ಮೇಲೂ ಮಗು ಕೈಯನ್ನು ಥಟ್ಟನೆ ಎಳೆದುಕೊಂಡು ಕ್ಯಾನುಲಾ ಕಿತ್ತುಬರುವುದುಂಟು. ಆದ್ದರಿಂದ ಅದಕ್ಕೆ ಮೊದಲೇ ಕ್ಯಾನುಲಾವನ್ನು ಭದ್ರವಾಗಿ ಅಂಟಿಸಿ, ಸಲೈನ್ ಚೆನ್ನಾಗಿ ಹರಿಯುತ್ತಿದೆಯೇ ಎಂದು ನೋಡಿಕೊಳ್ಳಬೇಕು.